ಶಿಕ್ಷಕಿಯರ ಕಲಿಕೆಗೂ ಶಾಲೆಯ ವೇಳೆ ಬೇಕು

ಪ್ರೌಢಶಾಲೆಯ ಶಿಕ್ಷಕಿಯರಿಗೆ ಆನ್‌ಲೈನ್ ಕಲಿಕೆಯಲ್ಲಿ ಆಸಕ್ತಿ ಸಾಲದು ಎನ್ನುವ ಮಾತು ಇನ್ನೂ ಕೇಳಿಬರುತ್ತದೆ. ಟಿ.ಬಿ. ಡ್ಯಾಂ, ಹೊಸಪೇಟೆ, ಕಂಪ್ಲಿ, ಸಂಡೂರಿನ ಸರ್ಕಾರಿ ಶಾಲೆಗಳನ್ನು ಹತ್ತಿರದಿಂದ ಬಲ್ಲವರು ಇದನ್ನು ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ.

2020ರಲ್ಲಿ ಕೋವಿಡ್ ಕಾರಣಕ್ಕೆ ಶಾಲೆ ಮುಚ್ಚಿದಾಗ ಯಾರ ತರಬೇತಿಗೂ ಕಾಯದೆ ವಾಟ್ಸ್ಆ್ಯಪ್ ಗುಂಪು ಕಟ್ಟಿದವರು ಈ ಶಿಕ್ಷಕಿಯರೇ. ಚಂದನ ವಾಹಿನಿಯ ‘ಸಂವೇದ’ ಪಾಠಗಳ ವೇಳೆಯನ್ನು ಮನೆಮನೆಗೆ ಮುಟ್ಟಿಸಿದರು, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ‘ವಿದ್ಯಾಗಮ’ ಬಂದಾಗ ಗುಡಿಕಟ್ಟೆಯ ಮೇಲೂ ಪಾಠ ಹೇಳಿದರು. ಮರುವರ್ಷ ಪ್ರೌಢಶಾಲೆಯವರಿಗೆಂದು ‘ನಿಷ್ಠಾ 2.0’ ತರಬೇತಿ ದೀಕ್ಷಾ ಆ್ಯಪ್‌ನಲ್ಲಿ ಶುರುವಾಯಿತು. ಆದರೆ ಇಂಥ ತರಬೇತಿಯನ್ನು ಯಾವಾಗ ಮುಗಿಸಬೇಕು? ಶಾಲೆಯಲ್ಲಿ ಪಾಠ, ಬಿಸಿಯೂಟ, ಮಕ್ಕಳ ಪ್ರಗತಿಯ ಎಸ್‌ಎಟಿಎಸ್ ದಾಖಲೆ. ಮನೆಯಲ್ಲಿ ಅಡುಗೆ, ಮಕ್ಕಳ ಹೋಂವರ್ಕ್, ಮುಸುರೆ. ಎಲ್ಲರೂ ಮಲಗಿದ ಮೇಲೆ ಫೋನ್ ಹಿಡಿದರೆ ಅವತ್ತಿನ ಡೇಟಾ ಮಗನ ಟ್ಯೂಷನ್ನಿಗೇ ಮುಗಿದಿರುತ್ತದೆ. ಗಂಡಸು ಶಿಕ್ಷಕರಿಗೂ ತೊಂದರೆ ಇಲ್ಲವೆಂದಲ್ಲ, ಆದರೆ ಈ ರಾತ್ರಿಪಾಳಿ ಹೆಚ್ಚಾಗಿ ಹೆಣ್ಣುಮಕ್ಕಳದೇ.

ಇಷ್ಟರ ನಡುವೆಯೂ ಕಲಿತದ್ದು ತರಗತಿಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಹತ್ತನೇ ತರಗತಿಯ ವೃತ್ತದ ಪಾಠ ಸಾಕು. ಸ್ಪರ್ಶಕ ಮತ್ತು ತ್ರಿಜ್ಯದ ನಡುವಿನ ಕೋನ 90 ಡಿಗ್ರಿ ಎಂದು ಬೋರ್ಡಿನ ಮೇಲೆ ಒಂದೇ ಚಿತ್ರದಲ್ಲಿ ತೋರಿಸಬಹುದು. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಮಕ್ಕಳೇ ಸ್ಪರ್ಶಬಿಂದುವನ್ನು ವೃತ್ತದ ಸುತ್ತ ಎಳೆಯುತ್ತಾರೆ. ಎಲ್ಲಿಗೆ ಒಯ್ದರೂ ಕೋನ ಕದಲುವುದಿಲ್ಲ. ಸಾಧನೆಯನ್ನು ಬಾಯಿಪಾಠ ಮಾಡುವ ಮೊದಲೇ ನಂಬಿಕೆ ಹುಟ್ಟಿರುತ್ತದೆ. ಇಂಥ ಪಾಠಕ್ಕೂ ಟೀಚರಮ್ಮನ ಸ್ವಂತ ಫೋನಿನ ಹಾಟ್‌ಸ್ಪಾಟೇ ಆಧಾರವಾಗುವುದು ಇಲಾಖೆಗೆ ಶೋಭೆಯಲ್ಲ.

ಹೊಸಪೇಟೆ ಈಗ ವಿಜಯನಗರ ಜಿಲ್ಲೆಯಲ್ಲಿದೆ, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದಿವೆ. ಎರಡೂ ಜಿಲ್ಲೆಗಳ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ನಮ್ಮ ಕೇಳಿಕೆ ಒಂದೇ: ಆನ್‌ಲೈನ್ ತರಬೇತಿಗೆ ವಾರಕ್ಕೆರಡು ಪೀರಿಯಡ್ ಅನ್ನು ಶಾಲಾ ವೇಳಾಪಟ್ಟಿಯಲ್ಲೇ ಇಡಿ, ಅದನ್ನು ಕರ್ತವ್ಯವೆಂದು ಲೆಕ್ಕ ಹಿಡಿಯಿರಿ, ಇಂಟರ್ನೆಟ್ ಬಿಲ್ಲನ್ನು ಶಾಲೆಯ ಅನುದಾನದಿಂದ ಕಟ್ಟಿಸಿ. ಬರುವ ಜೂನ್‌ನ ವೇಳಾಪಟ್ಟಿಯಲ್ಲೇ ಇದು ಜಾರಿಗೆ ಬರಲಿ.