ನೆನಪಿನ ಗಾಯವೂ ರಮಾಬಾಯಿಯವರ ನಂಬಿಕೆಯೂ

ನೊಂದವರಿಗೆ ನಾವು ಹೇಳುವ ಸಮಾಧಾನ ಸಾಮಾನ್ಯವಾಗಿ ಒಂದೇ: ‘ಆದದ್ದು ಆಗಿಹೋಯಿತು, ಮರೆತುಬಿಡಿ.’ ಹೊಸನಗರ, ಸಾಗರದ ಕಡೆ ಈ ಮಾತನ್ನು ಹೆಚ್ಚಾಗಿ ಕೇಳಿಸಿಕೊಂಡವರು ಶರಾವತಿಯ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಅವರ ಗದ್ದೆ ತೋಟಗಳು ನೀರಿನಡಿ ಸೇರಿದವು. ಅದನ್ನು ಮರೆತವರೊಬ್ಬರನ್ನೂ ನಾನು ಕಂಡಿಲ್ಲ. ಮರೆವೇ ಮದ್ದೆಂಬ ನಮ್ಮ ಈ ಎಣಿಕೆಗೆ ಪಂಡಿತಾ ರಮಾಬಾಯಿಯವರ ಬಾಳು ಒಳ್ಳೆಯ ಒರೆಗಲ್ಲೆಂದು ನನಗೆ ತೋರುತ್ತದೆ.

ಅವರನ್ನು ಮಹಾರಾಷ್ಟ್ರಕ್ಕೆ ಒಪ್ಪಿಸಿ ಸುಮ್ಮನಾಗುವುದು ನಮ್ಮ ವಾಡಿಕೆ. ಆದರೆ ಅವರು 1858ರಲ್ಲಿ ಹುಟ್ಟಿದ್ದು ಗಂಗಾಮೂಲದ ಕಾಡಿನಲ್ಲಿ. ತೀರ್ಥಹಳ್ಳಿಯನ್ನು ಹಾದು ಹರಿಯುವ ತುಂಗೆ ಹುಟ್ಟುವುದೂ ಅಲ್ಲಿಯೇ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು, ಹೆಂಡತಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧ ಕಟ್ಟಿಕೊಂಡವರು. ಮಗು ಇನ್ನೂ ಎಳೆಯದಿರುವಾಗಲೇ ಸಂಸಾರ ಕಾಡನ್ನು ಬಿಟ್ಟು ಯಾತ್ರೆ ಹೊರಟಿತು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ತಾಯಿಯ ಶವಕ್ಕೆ ಹೆಗಲು ಕೊಡುವವರು ಸಾಲದೆ ಮಗಳೇ ಹೊರಬೇಕಾಯಿತು. ಗಿಡ್ಡವಾಗಿದ್ದ ಅವರು ಆ ಭಾರವನ್ನು ತಲೆಯ ಮೇಲೆ ಹೊತ್ತರು. 1880ರಲ್ಲಿ ಅಣ್ಣ ಹೋದರು, 1882ರಲ್ಲಿ ಗಂಡ.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು. ಅಂದಿನಿಂದ ಎದೆಯ ನೋವೆಲ್ಲ ಮಾಯವಾಯಿತೆಂದು ಭಕ್ತಿಪುಸ್ತಿಕೆಗಳು ಹೇಳಬಹುದು. ರಮಾಬಾಯಿ ಹಾಗೆ ಹೇಳಲಿಲ್ಲ. ಗುರುಗಳೊಡನೆ ವಾದಿಸಿದರು, ಸೋದರಿಯರೊಡನೆ ಜಗಳಾಡಿದರು. ತಮಗೆ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ. ನೆಮ್ಮದಿ ಬಂದದ್ದು ಸುಮಾರು ಎಂಟು ವರ್ಷಗಳ ಮೇಲೆ ಎಂಬ ಅರ್ಥದ ಮಾತನ್ನು 1907ರಲ್ಲಿ ಹೊರಬಂದ ಆತ್ಮಸಾಕ್ಷ್ಯದಲ್ಲಿ ಅವರೇ ಬರೆದಿದ್ದಾರೆ. ನನ್ನ ಮಟ್ಟಿಗೆ ಆ ಎಂಟು ವರ್ಷಗಳೇ ಮುಖ್ಯ.

ಅವರ ಸಂಕಟ ಬರಿಯ ಹಸಿವಿನದಾಗಿರಲಿಲ್ಲ. ಇದ್ದ ಹಣವನ್ನೆಲ್ಲ ದಾನಕ್ಕೆ, ವ್ರತಕ್ಕೆ ಸುರಿದ ತಂದೆಯ ಮೊರೆಯನ್ನು ಯಾವ ದೇವರೂ ಕೇಳಲಿಲ್ಲವೆಂಬ ಕೊರಗೂ ಅದರೊಳಗಿತ್ತು. ಪುಣ್ಯದ ಲೆಕ್ಕ ಕೇಳದೆ ಕೈಹಿಡಿಯುವ ದೇವರೊಬ್ಬನುಂಟೆಂಬ ಭರವಸೆ ಆ ಕೊರಗನ್ನು ಮುಟ್ಟಿತು. ಪೂರ್ವಧರ್ಮದ ಮೇಲೆ ಅವರಾಡಿದ ಕಟುಮಾತುಗಳನ್ನೆಲ್ಲ ನಾನು ಒಪ್ಪಲಾರೆ. ಆದರೆ ಹಸಿದು ಸತ್ತ ತಾಯಿಯನ್ನು ಹೊತ್ತವರೊಡನೆ ಮತಚರ್ಚೆಗೆ ಕೂರುವ ಅವಸರವೂ ನನಗಿಲ್ಲ.

1896-97ರಲ್ಲಿ ಮಧ್ಯಪ್ರಾಂತಕ್ಕೆ ಬರ ಬಂದಾಗ ಹಳೆಯ ನೆನಪುಗಳೆಲ್ಲ ಮತ್ತೆ ಎದ್ದವು. ಅವರು ಆ ಸೀಮೆಗೇ ಹೊರಟರು. ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಕಡೆಯ ಕೇಡಗಾಂವಿನ ಮುಕ್ತಿ ಸದನ ಬೆಳೆದದ್ದು ಹೀಗೆ. ನೆನಪು ಅಳಿದುಹೋಗಿದ್ದರೆ ಆ ದಾರಿ ಅವರಿಗೆ ಹೊಳೆಯುತ್ತಿತ್ತೆ? ನಂಬಿಕೆ ಅವರ ನೆನಪನ್ನು ಕಿತ್ತುಕೊಳ್ಳಲಿಲ್ಲ, ಅದನ್ನು ಹೊತ್ತು ನಡೆಯುವ ಬಲವನ್ನು ಕೊಟ್ಟಿತು.

ಆ ಆತ್ಮಸಾಕ್ಷ್ಯವನ್ನು ನಮ್ಮ ಕಾಲೇಜುಗಳ ಕನ್ನಡ ತರಗತಿಯಲ್ಲಿ ಓದಿಸಬೇಕೆಂಬುದು ನನ್ನ ಆಸೆ. ಜೊತೆಗೆ, ಮುಳುಗಡೆಯ ಮನೆಗಳ ಹುಡುಗರು ತಮ್ಮ ಅಜ್ಜಿಯರನ್ನು ಕೇಳಿ ಆ ಕಥೆಗಳನ್ನೂ ಬರೆದು ತರಲಿ.