ಗಗನದ ಮನೆಗೆ ಎರಡು ಕೀಲಿಕೈ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿರಲಾರನು. ಗಾಳಿ, ನೀರು, ಬೆಳಕುಗಳು ಧಾರಾಳವಾಗಿ ದೊರೆಯುವ ಈ ಭೂಮಿಯ ಮೇಲೆ ಒಂದು ಸಾಧಾರಣವಾದ ಮನೆಯನ್ನು ಕಟ್ಟಿ ಮುಗಿಸುವಷ್ಟರಲ್ಲಿಯೇ ಗೃಹಸ್ಥನು ಬಸವಳಿಯುತ್ತಾನೆ. ಹೀಗಿರುವಾಗ, ಉಸಿರಾಡಲು ಗಾಳಿಯಿಲ್ಲದ, ಮೇಲು ಕೆಳಗೆಂಬ ಭೇದವೇ ಅಳಿದುಹೋಗುವ, ನೆಲದಿಂದ ಸುಮಾರು 400 ಕಿಲೋಮೀಟರು ಎತ್ತರದ ಕಕ್ಷೆಯಲ್ಲಿ ಮನುಷ್ಯರು ವಾಸಿಸತಕ್ಕಂತಹ ಮನೆಯೊಂದನ್ನು ನಿರ್ಮಿಸುವುದು ಎಷ್ಟು ಕಠಿನವಾದ ಕಾರ್ಯವೆಂಬುದನ್ನು ವಾಚಕರು ಊಹಿಸಬಹುದು. ಭಾರತವು ಇಂದು ಅಂತಹ ಕಾರ್ಯಕ್ಕೆ ಕೈ ಹಾಕಿದೆ.

ಪುಣೆಯ ನಿವಾಸಿಗಳಿಗೆ ಈ ವಿಷಯವು ತೀರ ದೂರದ್ದೇನೂ ಅಲ್ಲ. 1984ರ ಏಪ್ರಿಲ್ 3ರಂದು ಅಂತರಿಕ್ಷಕ್ಕೇರಿದ ಪ್ರಥಮ ಭಾರತೀಯರಾದ ರಾಕೇಶ ಶರ್ಮಾ ಅವರು ತಾರುಣ್ಯದಲ್ಲಿ ಶಿಕ್ಷಣ ಪಡೆದದ್ದು ಇದೇ ನಗರದ ಅಂಚಿನಲ್ಲಿರುವ ಖಡಕವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ. ಗಗನಯಾನ ಯೋಜನೆಗೆಂದು 2024ರ ಫೆಬ್ರವರಿ 27ರಂದು ಯಾರ ಹೆಸರುಗಳು ಘೋಷಿತವಾದವೋ ಆ ನಾಲ್ವರು ವಾಯುಪಡೆಯ ಅಧಿಕಾರಿಗಳೂ, ಅಂದರೆ ಪ್ರಶಾಂತ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ ಪ್ರತಾಪ್ ಮತ್ತು ಶುಭಾಂಶು ಶುಕ್ಲಾ ಇವರೂ, ಅದೇ ಅಕಾಡೆಮಿಯ ಹಳೆಯ ವಿದ್ಯಾರ್ಥಿಗಳು. ಇವರಲ್ಲಿ ಶುಕ್ಲಾ ಅವರು 2025ರ ಜೂನ್ 25ರಂದು ಅಮೆರಿಕದಿಂದ ಹೊರಟು, ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಎರಡು ವಾರಗಳಿಗೂ ಮಿಕ್ಕಿ ವಾಸವಾಗಿದ್ದು, ಜುಲೈ 15ರಂದು ಕ್ಷೇಮವಾಗಿ ಹಿಂದಿರುಗಿದರು. ಇದಕ್ಕೂ ಮೊದಲು, 2024ರ ಸೆಪ್ಟೆಂಬರಿನಲ್ಲಿ, ಕೇಂದ್ರ ಸಚಿವ ಸಂಪುಟವು ಗಗನಯಾನದ ವ್ಯಾಪ್ತಿಯನ್ನು ಹಿಗ್ಗಿಸಿ ಒಟ್ಟು ವೆಚ್ಚವನ್ನು 20,193 ಕೋಟಿ ರೂಪಾಯಿಗಳಿಗೆ ಏರಿಸಿತು. 2035ರ ವೇಳೆಗೆ ‘ಭಾರತೀಯ ಅಂತರಿಕ್ಷ ನಿಲ್ದಾಣ’ವನ್ನು ಸ್ಥಾಪಿಸುವುದು ಅದರ ಹಿಂದಿರುವ ಗುರಿ.

ಇಷ್ಟು ದೊಡ್ಡ ಮೊತ್ತದಿಂದ ಕಟ್ಟಲಾಗುವ ಮನೆಯ ನಕ್ಷೆಯನ್ನು ತಯಾರಿಸುವವರು ಯಾರು? ಇಂಜಿನಿಯರರು ಎಂಬುದು ಸರ್ವಸಾಮಾನ್ಯವಾದ ಉತ್ತರ. ಈ ಉತ್ತರದಲ್ಲಿ ಸತ್ಯಾಂಶವಿದ್ದರೂ ಪೂರ್ಣ ಸತ್ಯವಿಲ್ಲ. ಕ್ಷಿಪಣಿಯನ್ನು ಹಾರಿಸುವುದು ಯಂತ್ರವಿಜ್ಞಾನಕ್ಕೆ ಸೇರಿದ್ದು, ಮನೆಯು ಹಾಗಲ್ಲ. ಮನೆಯಲ್ಲಿ ಮನುಷ್ಯನು ಉಸಿರಾಡಬೇಕು, ಉಣ್ಣಬೇಕು, ಮಲಗಬೇಕು, ಬೆವರಬೇಕು, ಒಬ್ಬರೊಡನೊಬ್ಬರು ಜಗಳವಾಡದೆ ಬಾಳಬೇಕು. ಈ ಒಂದೊಂದು ವಿಷಯವನ್ನೂ ಬಲ್ಲ ತಜ್ಞರು ಬೇರೆ ಬೇರೆ.

ಒಂದು ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. ಅಂತರಿಕ್ಷದಲ್ಲಿ ದೇಹದ ಭಾರವನ್ನು ಹೊರುವ ಕೆಲಸವಿಲ್ಲದ ಕಾರಣ, ತಕ್ಕ ವ್ಯಾಯಾಮವಿಲ್ಲದಿದ್ದರೆ, ಸೊಂಟ ಹಾಗೂ ಕಾಲುಗಳ ಮೂಳೆಯು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ಭೂಮಿಯಲ್ಲಿ ವೃದ್ಧರ ಮೂಳೆಯು ಇಷ್ಟು ಸವೆಯಲು ಒಂದು ವರುಷವೇ ಬೇಕಾಗುತ್ತದೆ. ಆದುದರಿಂದ ದೀರ್ಘಕಾಲ ನಿಲ್ದಾಣದಲ್ಲಿರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಬೇಕೆಂದು ವೈದ್ಯರು ವಿಧಿಸಿದ್ದಾರೆ. ವೈದ್ಯರ ಈ ಒಂದು ಮಾತಿನಿಂದ ಇಡೀ ಮನೆಯ ನಕ್ಷೆಯೇ ಬದಲಾಗುತ್ತದೆ. ಓಡುವ ಪಟ್ಟಿಯ ಯಂತ್ರಕ್ಕೆ ಸ್ಥಳ ಬೇಕು. ಅದರ ಅದುರುವಿಕೆಯು ಗೋಡೆಗಳಿಗೂ ಸೂಕ್ಷ್ಮವಾದ ಪ್ರಯೋಗಗಳಿಗೂ ತಟ್ಟದಂತೆ ತಡೆ ಬೇಕು. ವ್ಯಾಯಾಮದಿಂದ ಹೆಚ್ಚಿದ ಶಾಖವನ್ನು ಹೊರದೂಡಬೇಕು. ಬೆವರಿನ ತೇವವನ್ನು ಹಿಡಿದು, ಶೋಧಿಸಿ, ಮರಳಿ ಕುಡಿಯುವ ನೀರನ್ನಾಗಿ ಮಾಡಬೇಕು. ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಬೆವರು, ಮೂತ್ರಗಳೂ ಸೇರಿದಂತೆ ನೀರಿನ ಶೇಕಡಾ 98 ಭಾಗವನ್ನು ಮರಳಿ ಪಡೆಯುವ ಸಾಮರ್ಥ್ಯವು 2023ರಲ್ಲಿ ಸಿದ್ಧಿಸಿತು.

ನಿದ್ರೆಯ ವಿಷಯವನ್ನೇ ನೋಡಬಹುದು. ಭೂಮಿಯ ಮೇಲೆ ಬಿಸಿಯಾದ ಗಾಳಿಯು ಮೇಲಕ್ಕೇರಿ ತಣ್ಣನೆಯ ಗಾಳಿಗೆ ಎಡೆಗೊಡುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಈ ಚಲನೆಯೇ ಇಲ್ಲ. ಮಲಗಿದವನು ಹೊರಬಿಟ್ಟ ಇಂಗಾಲದ ಡೈ ಆಕ್ಸೈಡು ಅವನ ಮುಖದ ಸುತ್ತಲೇ ನಿಂತು, ತಲೆನೋವು, ಮಂಕು ಮೊದಲಾದ ಬಾಧೆಗಳನ್ನುಂಟುಮಾಡಬಲ್ಲದು. ಇದಕ್ಕಾಗಿ ಸದಾ ತಿರುಗುವ ಪಂಖಗಳು ಅವಶ್ಯ. ಪಂಖದಿಂದ ಸದ್ದು, ಸದ್ದಿನಿಂದ ನಿದ್ರಾಭಂಗ! ಮೇಲಾಗಿ, ದಿನವೊಂದಕ್ಕೆ 16 ಬಾರಿ ಸೂರ್ಯೋದಯವಾಗುವ ಕಕ್ಷೆಯಲ್ಲಿ ದೇಹದ ಗಡಿಯಾರವು ಹದಗೆಡುತ್ತದೆ. ವೈದ್ಯ, ಧ್ವನಿಶಾಸ್ತ್ರಜ್ಞ, ದೀಪವಿನ್ಯಾಸಕ, ಮನಶ್ಶಾಸ್ತ್ರಜ್ಞ ಇವರೆಲ್ಲರೂ ಒಂದೇ ಮೇಜಿನ ಸುತ್ತ ಕುಳಿತಾಗ ಮಾತ್ರ ಹಾಸಿಗೆಯೊಂದರ ವಿನ್ಯಾಸವು ಪೂರ್ಣಗೊಳ್ಳುತ್ತದೆ.

ಈ ಕಾರ್ಯದಲ್ಲಿ ಕನ್ನಡ ನಾಡಿನ ಪಾತ್ರವು ಹಿರಿದಾದುದೆಂಬುದು ಸಂತೋಷದ ಸಂಗತಿ. 1957ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯವಿಜ್ಞಾನ ಸಂಸ್ಥೆಯು ಗಗನಯಾತ್ರಿಗಳ ಆಯ್ಕೆಗೆ ಬೇಕಾದ ಪರೀಕ್ಷೆಗಳನ್ನು ನಡೆಸಿತು. ಇಸ್ರೋದ ಮಾನವ ಅಂತರಿಕ್ಷಯಾನ ಕೇಂದ್ರವು 2019ರ ಜನವರಿಯಲ್ಲಿ ಅದೇ ನಗರದಲ್ಲಿ ಆರಂಭವಾಯಿತು. 1984ರಲ್ಲಿ ರಾಕೇಶ ಶರ್ಮಾ ಅವರಿಗೆ ಭಾರತೀಯ ಆಹಾರವನ್ನು ಸಿದ್ಧಪಡಿಸಿಕೊಟ್ಟ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವು, ಗಗನಯಾನಕ್ಕಾಗಿ ಇಡ್ಲಿ, ತರಕಾರಿ ಪಲಾವು, ಹೆಸರುಬೇಳೆಯ ಹಲ್ವ ಮೊದಲಾದ ತಿನಿಸುಗಳನ್ನು ರೂಪಿಸಿತು. ಇದು ಕೇವಲ ನಾಲಗೆಯ ಚಪಲವಲ್ಲ. ತೇಲುವ ಒಂದು ಪುಡಿಯು ಯಾತ್ರಿಯ ಕಣ್ಣಿಗೋ ಯಂತ್ರದ ಸಂದಿಗೋ ಹೊಕ್ಕರೆ ಅನಾಹುತ, ದೇಹದ ದ್ರವಗಳು ತಲೆಯ ಕಡೆಗೆ ಸರಿದು ಮೂಗು ಕಟ್ಟಿದಂತಾಗುವುದರಿಂದ ರುಚಿಯೂ ಮಂದ, ರುಚಿಸದವನು ಉಣ್ಣುವುದಿಲ್ಲ, ಉಣ್ಣದವನ ಸ್ನಾಯು, ಮೂಳೆಗಳು ಇನ್ನಷ್ಟು ಕ್ಷಯಿಸುತ್ತವೆ. ಶುಕ್ಲಾ ಅವರು 2025ರಲ್ಲಿ ನಡೆಸಿಕೊಟ್ಟ ಪ್ರಯೋಗಗಳಲ್ಲಿ ಹೆಸರುಕಾಳು ಮತ್ತು ಮೆಂತ್ಯವನ್ನು ಮೊಳೆಯಿಸುವ ಪ್ರಯೋಗವು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಹಾಗೂ ಐ.ಐ.ಟಿ.ಗಳದು. ನಮ್ಮ ಅಜ್ಜಿಯರು ಬಟ್ಟೆಯಲ್ಲಿ ಕಟ್ಟಿಡುತ್ತಿದ್ದ ಮೊಳಕೆಕಾಳು ಗಗನದ ಮನೆಯ ಅಡುಗೆಕೋಣೆಯನ್ನೂ ಪ್ರವೇಶಿಸಿದೆ. 2025ರ ಆಗಸ್ಟಿನಲ್ಲಿ, ಲಡಾಖಿನ ತ್ಸೋ ಕರ್ ಸರೋವರದ ಬಳಿಯ ಚಳಿ ಮರುಭೂಮಿಯಲ್ಲಿ, ಇಸ್ರೋದ ಸಹಯೋಗದೊಂದಿಗೆ ಬೆಂಗಳೂರಿನ ಪ್ರೋಟೋಪ್ಲಾನೆಟ್ ಎಂಬ ಸಂಸ್ಥೆಯು 8 ಮೀಟರು ವ್ಯಾಸದ ವಾಸಗೃಹವೊಂದನ್ನು ನಿಲ್ಲಿಸಿ, ಅದರಲ್ಲಿ ಇಬ್ಬರನ್ನು ಹತ್ತು ದಿನ ಇರಿಸಿ ಪರೀಕ್ಷೆಗಳನ್ನು ನಡೆಸಿತು.

ಇಷ್ಟೆಲ್ಲ ನಡೆದಿರುವಾಗ ಕೊರತೆಯಾದರೂ ಏನು ಎಂದು ಕೇಳಬಹುದು. ತಜ್ಞರನ್ನು ಕರೆಯುವುದು ಬೇರೆ, ಅವರ ಮಾತಿಗೆ ಬಲವನ್ನು ಕೊಡುವುದು ಬೇರೆ. ಅಂತರಿಕ್ಷಯಾನದ ಇತಿಹಾಸವು ಈ ಅಂತರವನ್ನು ದುಃಖದ ಅಕ್ಷರಗಳಲ್ಲಿ ಬರೆದಿಟ್ಟಿದೆ. 1971ರ ಜೂನಿನಲ್ಲಿ ಸೋವಿಯತ್ ದೇಶದ ಡೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ಎಂಬ ಮೂವರು ಯಾತ್ರಿಗಳು ಜಗತ್ತಿನ ಪ್ರಥಮ ಅಂತರಿಕ್ಷ ನಿಲ್ದಾಣವಾದ ಸಲ್ಯೂತ್–1ರಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ವಾಸಿಸಿದರು. ಅವರ ಸೋಯುಜ್–11 ನೌಕೆಯ ಕೋಣೆಯು ಇಕ್ಕಟ್ಟಾದುದು. ಒತ್ತಡದ ಉಡುಪನ್ನು ಧರಿಸಿದ ಮೂವರಿಗೆ ಅದರಲ್ಲಿ ಸ್ಥಳವಿರಲಿಲ್ಲ. ಆದ್ದರಿಂದ ಉಡುಪುಗಳಿಲ್ಲದೆಯೇ ಮೂವರನ್ನು ಕಳುಹಿಸಲಾಗಿತ್ತು. ಜೂನ್ 30ರಂದು ಹಿಂದಿರುಗುವಾಗ, ನೆಲದ ಸಮೀಪದಲ್ಲಿ ತೆರೆಯಬೇಕಾಗಿದ್ದ ಕವಾಟವೊಂದು ಬಹು ಎತ್ತರದಲ್ಲಿಯೇ ತೆರೆದುಕೊಂಡು, ಒಳಗಿನ ಗಾಳಿಯೆಲ್ಲ ಸೋರಿಹೋಯಿತು. ಪ್ಯಾರಾಷೂಟು ತೆರೆಯಿತು, ನೌಕೆಯು ಕ್ರಮವಾಗಿ ನೆಲಕ್ಕಿಳಿಯಿತು, ಬಾಗಿಲು ತೆರೆದು ನೋಡಿದವರಿಗೆ ಕಂಡದ್ದು ಮೂರು ಶವಗಳು. ಆ ತರುವಾಯ ಹಲವು ವರುಷ ಸೋಯುಜ್ ನೌಕೆಗಳಲ್ಲಿ ಉಡುಪು ಧರಿಸಿದ ಇಬ್ಬರನ್ನು ಮಾತ್ರ ಕಳುಹಿಸಲಾಯಿತು. ನೌಕೆಯನ್ನು ಪುನಃ ರೂಪಿಸಿ, ಉಡುಪು ಸಹಿತ ಮೂವರಿಗೆ ಅವಕಾಶವಾದ ಮೇಲೆಯೇ ರಾಕೇಶ ಶರ್ಮಾ ಅವರಂತಹವರು ಮೂರನೆಯ ಆಸನದಲ್ಲಿ ಕುಳಿತು ಹೋಗಿ ಬರುವಂತಾದುದು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಅಮೆರಿಕವು 1973ರ ಮೇ ತಿಂಗಳಲ್ಲಿ ಹಾರಿಸಿದ ಸ್ಕೈಲ್ಯಾಬ್ ನಿಲ್ದಾಣದ ಒಳಾಂಗಣಕ್ಕೆ ರೇಮಂಡ್ ಲೋವಿ ಎಂಬ ವಿನ್ಯಾಸಕಾರರ ಸಲಹೆಯನ್ನು ಪಡೆಯಲಾಗಿತ್ತು. ಅವರು ರೈಲು ಇಂಜಿನುಗಳಿಗೂ ಗೃಹೋಪಯೋಗಿ ವಸ್ತುಗಳಿಗೂ ರೂಪ ಕೊಟ್ಟು ಹೆಸರಾದವರು. ಊಟದ ಕೋಣೆಗೆ ಕಿಟಕಿಯೊಂದು ಬೇಕೇ ಬೇಕೆಂದು ಅವರು ಪಟ್ಟುಹಿಡಿದರು. ಕಿಟಕಿಯೆಂದರೆ ಗೋಡೆಯ ಬಲಕ್ಕೆ ಕುಂದು, ಖರ್ಚಿಗೆ ದಾರಿ ಎಂದು ಇಂಜಿನಿಯರರು ಆಕ್ಷೇಪಿಸಿದರು. ಕೊನೆಗೆ ಕಿಟಕಿಯೇ ಗೆದ್ದಿತು. ಕಡೆಯ ತಂಡದ ಮೂವರು 84 ದಿನಗಳನ್ನು ಆ ನಿಲ್ದಾಣದಲ್ಲಿ ಕಳೆದರು. ಬಿಡುವಿನ ವೇಳೆಯಲ್ಲಿ ಅಲ್ಲಿನ ನಿವಾಸಿಗಳಿಗೆ ಅತ್ಯಂತ ಪ್ರಿಯವಾಗಿದ್ದುದು ಕಿಟಕಿಯಿಂದ ಭೂಮಿಯನ್ನು ನೋಡುವುದೇ. ಸೋವಿಯತ್ ದೇಶದಲ್ಲಿಯೂ ಗಲೀನಾ ಬಲಶೋವಾ ಎಂಬ ಮಹಿಳಾ ವಾಸ್ತುಶಿಲ್ಪಿಯು ಸೋಯುಜ್, ಸಲ್ಯೂತ್, ಮೀರ್‌ಗಳ ಒಳಾಂಗಣವನ್ನು ರೂಪಿಸಿ, ನೆಲಕ್ಕೊಂದು ಬಣ್ಣ, ಛಾವಣಿಗೊಂದು ಬಣ್ಣವನ್ನಿತ್ತು, ತೇಲಾಡುವ ಮನುಷ್ಯನಿಗೆ ಮೇಲು ಕೆಳಗಿನ ಭಾವನೆಯನ್ನು ದೊರಕಿಸಿಕೊಟ್ಟರು.

ಬ್ಯಾಂಕುಗಳ ಭದ್ರಕೋಠಡಿಯ ಪದ್ಧತಿಯು ಇಲ್ಲಿ ನೆನಪಿಗೆ ಬರುತ್ತದೆ. ಆ ಬಾಗಿಲು ಒಬ್ಬನ ಕೀಲಿಕೈಯಿಂದ ತೆರೆಯುವುದಿಲ್ಲ. ಇಬ್ಬರು ಅಧಿಕಾರಿಗಳ ಬಳಿ ಬೇರೆ ಬೇರೆ ಕೀಲಿಕೈಗಳಿದ್ದು, ಇಬ್ಬರೂ ಕೂಡಿದಾಗಲೇ ಬಾಗಿಲು ಸರಿಯುತ್ತದೆ. ಇದರ ಅರ್ಥ ಒಬ್ಬನನ್ನು ಮತ್ತೊಬ್ಬನು ನಂಬುವುದಿಲ್ಲವೆಂದಲ್ಲ. ಒಬ್ಬನ ಅವಸರ, ಒಬ್ಬನ ಮರೆವು, ಒಬ್ಬನ ಮೇಲಿನ ಒತ್ತಡವು ಪರರ ಸೊತ್ತಿಗೆ ಹಾನಿಯನ್ನು ತರಬಾರದೆಂಬುದೇ ಅದರ ಉದ್ದೇಶ. ಗಗನದ ಮನೆಗೂ ಇದೇ ನಿಯಮವು ಯೋಗ್ಯವಾದುದು. ನಕ್ಷೆಯ ಪ್ರತಿಯೊಂದು ಹಂತದಲ್ಲಿಯೂ ಒಂದು ಕೀಲಿಕೈ ಇಂಜಿನಿಯರನಲ್ಲಿರಲಿ. ಇನ್ನೊಂದು, ದೇಹವನ್ನೂ ಮನಸ್ಸನ್ನೂ ಬಲ್ಲ ತಜ್ಞರ ಮಂಡಲಿಯಲ್ಲಿರಲಿ. ಎರಡನೆಯವರ ಒಪ್ಪಿಗೆಯಿಲ್ಲದೆ ಮೊದಲನೆಯವರು ಮುಂದುವರಿಯಕೂಡದು.

ತಜ್ಞರು ಹೆಚ್ಚಿದಷ್ಟೂ ಕಾಲಹರಣ, ಭಾರ ಮತ್ತು ವೆಚ್ಚಗಳು ಹೆಚ್ಚುತ್ತವೆಯೆಂಬ ಆಕ್ಷೇಪಣೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕಕ್ಷೆಗೇರಿಸುವ ಪ್ರತಿಯೊಂದು ಕಿಲೋಗ್ರಾಮಿಗೂ ಬೆಲೆಯುಂಟು. ಎಲ್ಲರ ಬಯಕೆಗಳನ್ನೂ ಪೂರೈಸಹೊರಟರೆ ನಿಲ್ದಾಣವು ನೆಲವನ್ನು ಬಿಟ್ಟು ಮೇಲೇಳಲಾರದು. ಆದರೆ ಲೆಕ್ಕಶಾಸ್ತ್ರದ ಪ್ರಥಮ ಪಾಠವನ್ನು ಕಲಿತವನೂ ಬಲ್ಲ ಮಾತೊಂದಿದೆ. ಜಮಾ ಪುಟದಲ್ಲಿ ಉಳಿತಾಯವೆಂದು ಬರೆದುಕೊಂಡದ್ದು ಎಷ್ಟೋ ಸಲ ಮುಂದಿನ ವರುಷದ ನಷ್ಟವಾಗಿ ತಲೆಯೆತ್ತುತ್ತದೆ. ಸೋಯುಜ್–11ರಲ್ಲಿ ಉಡುಪುಗಳನ್ನು ಕೈಬಿಟ್ಟು ಒಂದು ಆಸನವನ್ನು ಉಳಿಸಿಕೊಂಡುದು ಅಂತಹ ಉಳಿತಾಯ. ಕಾಗದದ ಮೇಲಿನ ಗೆರೆಯನ್ನು ಅಳಿಸಲು ರಬ್ಬರು ಸಾಕು. ಕಟ್ಟಿದ ಗೋಡೆಯನ್ನು ಒಡೆಯಲು ಕೋಟಿಗಳು ಬೇಕು. ಆದುದರಿಂದ ತಜ್ಞರನ್ನು ಆರಂಭದಲ್ಲಿಯೇ ಕೂರಿಸಿಕೊಳ್ಳುವುದು ಮಿತವ್ಯಯದ ಮಾರ್ಗವೂ ಹೌದು.

ಭಾರತೀಯ ನಿಲ್ದಾಣದ ಪ್ರಥಮ ಘಟಕವನ್ನು 2028ರಲ್ಲಿ ಹಾರಿಸುವ ಉದ್ದೇಶವಿದೆ. ಉಳಿದ ಘಟಕಗಳು ತರುವಾಯ ಸೇರಬೇಕಾಗಿವೆ. ಆದುದರಿಂದ ಇದು ಸಕಾಲ. ಪುಣೆಯಲ್ಲಿಯೇ ಸಶಸ್ತ್ರಪಡೆಗಳ ವೈದ್ಯಕೀಯ ಮಹಾವಿದ್ಯಾಲಯವಿದೆ, ಸೂಕ್ಷ್ಮಜೀವಿಗಳನ್ನೂ ಸಸ್ಯಗಳನ್ನೂ ಅಭ್ಯಸಿಸುವ ಆಗರ್ಕರ್ ಸಂಶೋಧನಾಲಯವಿದೆ, ವಾಸ್ತುಶಿಲ್ಪದ ಕಾಲೇಜುಗಳಿವೆ. ಸಮೀಪದ ಲೋಣಾವಳದಲ್ಲಿ 1924ರಿಂದಲೂ ಯೋಗವನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚುತ್ತ ಬಂದ ಕೈವಲ್ಯಧಾಮವಿದೆ. ರಾಕೇಶ ಶರ್ಮಾ ಅವರು 1984ರಲ್ಲಿ ಅಂತರಿಕ್ಷದಲ್ಲಿ ಯೋಗಾಸನಗಳ ಪ್ರಯೋಗವನ್ನು ನಡೆಸಿದ್ದರೆಂಬುದು ಇಲ್ಲಿ ಸ್ಮರಣೀಯ. ಇಂತಹ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ಈ ಮಹಾಕಾರ್ಯದಲ್ಲಿ ಸ್ಥಾನವಿರತಕ್ಕದ್ದು. ಮಗನು ಇಂಜಿನಿಯರಿಂಗಿಗೆ ಸೇರಲಿಲ್ಲವೆಂದು ಕೊರಗುವ ತಂದೆ ತಾಯಿಗಳು, ಮಗಳು ಗೃಹವಿಜ್ಞಾನವನ್ನೋ ಕೃಷಿಯನ್ನೋ ಮನಶ್ಶಾಸ್ತ್ರವನ್ನೋ ಆರಿಸಿಕೊಂಡಳೆಂದು ಹಿಂಜರಿಯುವ ಹಿರಿಯರು, ಧಾರವಾಡದ ಮೆಂತ್ಯದ ಕಾಳನ್ನೊಮ್ಮೆ ನೆನೆಯುವುದು ಒಳಿತು.

ಖಡಕವಾಸಲಾದ ಮೈದಾನದಲ್ಲಿ ಇಂದು ಕವಾಯತು ಮಾಡುತ್ತಿರುವ ತರುಣರಲ್ಲಿ ಯಾರೋ ಒಬ್ಬರು ನಾಳೆ ಆ ಮನೆಯ ಬಾಗಿಲನ್ನು ತೆರೆದು ಒಳಹೊಗಬಹುದು. ಅವರು ಅಲ್ಲಿ ಸುಖವಾಗಿ ಉಸಿರಾಡಿ, ಉಂಡು, ಮಲಗಿ, ಗಟ್ಟಿಮುಟ್ಟಾದ ಮೂಳೆಗಳೊಂದಿಗೆ ತಾಯಿಯ ಬಳಿಗೆ ಮರಳಬೇಕಾದರೆ, ಎರಡನೆಯ ಕೀಲಿಕೈಯನ್ನು ಇಂದೇ ತಕ್ಕವರ ಕೈಗೆ ಒಪ್ಪಿಸಬೇಕು.