ಯಾವೂರು, ಯಾರ ಪೈಕಿ, ಏನು ಕೆಲಸ?

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹಾಗೆಂದು ಆ ವ್ಯವಸ್ಥೆಯುಳ್ಳ ಗಣಕಯಂತ್ರಗಳನ್ನು ಯಾರೂ ಮರುದಿನವೇ ಅಟ್ಟಕ್ಕೆ ಏರಿಸಲಿಲ್ಲ. ಕೃಷ್ಣೆಯ ದಂಡೆಯ ನಮ್ಮ ಹಿಪ್ಪರಗಿಯಿಂದ ಹಿಡಿದು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳವರೆಗೆ ಪತ್ತಿನ ಸಂಘಗಳಲ್ಲಿ, ಕಬ್ಬಿನ ಲೆಕ್ಕ ಬರೆಯುವ ಕೋಣೆಗಳಲ್ಲಿ, ಮಗ್ಗದ ಮಾಲೀಕರ ಮನೆಗಳಲ್ಲಿ ಹಳೆಯ ಯಂತ್ರಗಳು ದುಡಿಯುತ್ತಲೇ ಇವೆ. ಇಂತಹ ಯಂತ್ರವೊಂದು ಒಂದು ದಿನ ಏದುಸಿರು ಬಿಡತೊಡಗುತ್ತದೆ. ಮನೆಯ ಹುಡುಗನೊಬ್ಬ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸುತ್ತಾನೆ. ಪರದೆಯ ಮೇಲೆ ನೂರಾರು ಹೆಸರುಗಳ ಪಟ್ಟಿ. ಅವುಗಳಲ್ಲಿ ಮನೆಯ ಯಜಮಾನನಿಗೆ ಪರಿಚಿತವಾದವು ನಾಲ್ಕೋ ಐದೋ. ಉಳಿದವರೆಲ್ಲ ಯಾರು? ಯಾರು ಕರೆದರೆಂದು ಬಂದರು?

ಪ್ರಶ್ನೆ ತಾಂತ್ರಿಕವೆಂದು ತೋರಿದರೂ ಮೂಲತಃ ಅದು ಆಡಳಿತದ ಪ್ರಶ್ನೆ. ಅಪರಿಚಿತನನ್ನು ಹೇಗೆ ನಂಬುವುದು, ಯಾವಾಗ ನಂಬಬಾರದು ಎಂಬುದನ್ನು ನಮ್ಮ ಹಳ್ಳಿಗಳು ಬಹುಕಾಲದಿಂದ ಬಲ್ಲವು. ಬಸ್ಸಿನಿಂದ ಇಳಿದ ಹೊಸಬನಿಗೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವುದು ಮೂರೇ ಮಾತು: ಯಾವೂರು, ಯಾರ ಪೈಕಿ, ಏನು ಕೆಲಸ? ಹೆಸರನ್ನು ಕೇಳುವುದು ಆಮೇಲೆ. ಏಕೆಂದರೆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಗಣಕಯಂತ್ರದ ಮುಂದೆ ಕುಳಿತ ಸುಶಿಕ್ಷಿತರು ಮಾತ್ರ ಹೆಸರನ್ನೇ ಮೊದಲು ನೋಡಿ, ಅದರ ಮೇಲೆಯೇ ತೀರ್ಪು ಕೊಟ್ಟುಬಿಡುತ್ತಾರೆ.

ಹೆಸರು ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ 2017ರ ಮೇ ತಿಂಗಳಲ್ಲಿ ಜಗತ್ತಿನ 150ರಷ್ಟು ದೇಶಗಳನ್ನು ಕಾಡಿದ ವಾನಾಕ್ರೈ ಸಾಕ್ಷಿ. ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತಿದ್ದ ಆ ಕುತಂತ್ರಾಂಶ ಯಂತ್ರದೊಳಗೆ ತನ್ನನ್ನು ನೋಂದಾಯಿಸಿಕೊಂಡದ್ದು 'ಮೈಕ್ರೋಸಾಫ್ಟ್ ಸೆಕ್ಯುರಿಟಿ ಸೆಂಟರ್ (2.0) ಸರ್ವಿಸ್' ಎಂಬ ಗಂಭೀರ ಹೆಸರಿನಲ್ಲಿ. ಕಳ್ಳ ಪೊಲೀಸನ ಸಮವಸ್ತ್ರ ತೊಟ್ಟಂತೆ! ಇನ್ನೊಂದು ಹಳೆಯ ಉಪಾಯವೆಂದರೆ ಅಕ್ಷರಗಳ ಅದಲುಬದಲು. ಲಾಗಿನ್ ಸಂಬಂಧದ ಭದ್ರತೆಯನ್ನು ನೋಡಿಕೊಳ್ಳುವ 'ಎಲ್‌ಸಾಸ್' ಎಂಬ ಅಸಲಿ ಪ್ರಕ್ರಿಯೆಯ ಹೆಸರು ಇಂಗ್ಲಿಷಿನ ಸಣ್ಣ ಎಲ್ ಅಕ್ಷರದಿಂದ ಆರಂಭವಾಗುತ್ತದೆ. ಅದರ ಜಾಗದಲ್ಲಿ ದೊಡ್ಡ ಐ ಅಕ್ಷರವನ್ನಿಟ್ಟರೆ ಪರದೆಯ ಮೇಲೆ ಎರಡೂ ಒಂದೇ ಗೆರೆ. ಕನ್ನಡಕ ಹಾಕಿದ ಕಣ್ಣಿಗಂತೂ ಭೇದವೇ ತಿಳಿಯದು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ನಿರಪರಾಧಿಯನ್ನು ಶಂಕಿಸುವುದು. 'ಎಸ್‌ವಿಸಿಹೋಸ್ಟ್' ಎಂಬ ಹೆಸರು ಪಟ್ಟಿಯಲ್ಲಿ ಹತ್ತಾರು ಬಾರಿ ಕಾಣಿಸಿಕೊಂಡು ಬಹಳ ಜನರ ನಿದ್ದೆಗೆಡಿಸಿದೆ. ಅದು ವಿಂಡೋಸ್‌ನ ಸೇವೆಗಳನ್ನು ಹೊತ್ತು ನಡೆಸುವ ಬಂಡಿ ಮಾತ್ರ. ಮುದ್ರಣದ್ದೊಂದು, ಗಡಿಯಾರದ್ದೊಂದು, ಜಾಲಸಂಪರ್ಕದ್ದೊಂದು ಎಂದು ಸೇವೆಗಳು ಅನೇಕ. ಹಿಂದೆ ಒಂದೇ ಬಂಡಿಯಲ್ಲಿ ಹಲವು ಸೇವೆಗಳು ಕೂಡಿ ಪಯಣಿಸುತ್ತಿದ್ದವು; 2017ರಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯ ಬಳಿಕ, ಸಾಕಷ್ಟು ಮೆಮೊರಿಯಿರುವ ಯಂತ್ರಗಳಲ್ಲಿ ಬಹುತೇಕ ಸೇವೆಗಳಿಗೆ ಒಂದೊಂದು ಪ್ರತ್ಯೇಕ ಬಂಡಿ. ಒಂದು ಸೇವೆ ಕುಸಿದರೆ ಉಳಿದವು ಕುಸಿಯಬಾರದೆಂಬುದು ಇದರ ಉದ್ದೇಶ. ಸಂಖ್ಯೆ ಹೆಚ್ಚಿದ್ದು ಸುರಕ್ಷತೆಗಾಗಿ, ಜನ ಹೆದರಿದ್ದು ಸಂಖ್ಯೆಯನ್ನು ನೋಡಿ. 'ಸಿಸ್ಟಮ್ ಐಡಲ್ ಪ್ರೋಸೆಸ್' ಎಂಬುದರ ಮುಂದೆ ಶೇ 95 ಎಂದು ಕಂಡು ಗಾಬರಿಯಾದವರೂ ಇದ್ದಾರೆ. ಅದು ಯಂತ್ರ ಸುಮ್ಮನೆ ಕುಳಿತಿರುವ ಸಮಯದ ಲೆಕ್ಕ.

ಹಾಗಾದರೆ 'ಯಾವೂರು' ಎಂಬ ಮೊದಲ ಪ್ರಶ್ನೆಗೆ ಬರೋಣ. ಟಾಸ್ಕ್ ಮ್ಯಾನೇಜರಿನಲ್ಲಿ ಆ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ, ಆ ಕಡತ ಇರುವ ಜಾಗವನ್ನು ತೆರೆಯುವ ಆಯ್ಕೆ ಸಿಗುತ್ತದೆ. ಅಸಲಿ ಎಸ್‌ವಿಸಿಹೋಸ್ಟ್ ವಾಸಿಸುವುದು ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32ರಲ್ಲಿ. 64 ಬಿಟ್ ಯಂತ್ರಗಳಲ್ಲಿ ಅದರ ಮಗ್ಗುಲಿನ ಇನ್ನೊಂದು ಫೋಲ್ಡರಿನಲ್ಲೂ ಪ್ರತಿಯೊಂದಿರುತ್ತದೆ. ಅದೇ ಹೆಸರು ಡೌನ್‌ಲೋಡ್ಸ್‌ನಲ್ಲೋ ಟೆಂಪ್ ಫೋಲ್ಡರಿನಲ್ಲೋ ಸಿಕ್ಕಿತೆಂದರೆ, ತಹಶೀಲ್ದಾರರ ಮೊಹರು ಚಹದಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕಂತೆ. ಆದರೆ ಈ ಪರೀಕ್ಷೆಯೂ ಸಂಪೂರ್ಣವಲ್ಲ. ಆಡಳಿತಗಾರನ ಅನುಮತಿಯಿಲ್ಲದೆ ಬಳಕೆದಾರನ ಖಾಸಗಿ ಫೋಲ್ಡರಿನಲ್ಲೇ ನೆಲೆಸುವ ಪ್ರಾಮಾಣಿಕ ತಂತ್ರಾಂಶಗಳೂ ಸಾಕಷ್ಟಿವೆ.

'ಯಾರ ಪೈಕಿ' ಎಂಬುದು ಇದಕ್ಕಿಂತ ಸೂಕ್ಷ್ಮ. ಅರ್ಥಶಾಸ್ತ್ರ ಓದಿದವರಿಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ, ಹಳೆಯ ಕಾರುಗಳ ಮಾರುಕಟ್ಟೆಯ ಕುರಿತಾದ ಪ್ರಬಂಧ ನೆನಪಿರಬಹುದು. ಸರಕಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೆಟ್ಟ ಸರಕು ಒಳ್ಳೆಯದನ್ನು ಸಂತೆಯಿಂದಲೇ ಹೊರದೂಡುತ್ತದೆ ಎಂದು ಅವರು ತೋರಿಸಿದರು. 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಹಂಚಿಕೊಂಡರು. ಇದಕ್ಕೆ ಮಾರುಕಟ್ಟೆ ಕಂಡುಕೊಂಡ ಪರಿಹಾರವೆಂದರೆ ಗುರುತಿನ ಮುದ್ರೆ. ಬಂಗಾರಕ್ಕೆ ಹಾಲ್‌ಮಾರ್ಕ್ ಇದ್ದಂತೆ ತಂತ್ರಾಂಶಕ್ಕೆ ಡಿಜಿಟಲ್ ಸಹಿ. ಕಡತದ ಪ್ರಾಪರ್ಟೀಸ್ ತೆರೆದರೆ ತಯಾರಕರ ಹೆಸರೂ ಸಹಿ ಸಿಂಧುವೇ ಎಂಬುದೂ ಕಾಣುತ್ತದೆ. ಸಹಿ ಮಾಡಿದ ಮೇಲೆ ಕಡತದಲ್ಲಿ ಒಂದಕ್ಷರ ಬದಲಾದರೂ ಸಹಿ ಅಸಿಂಧು.

ಆದರೆ ಹಾಲ್‌ಮಾರ್ಕ್ ಬಂಗಾರದ ಶುದ್ಧತೆಯನ್ನು ಹೇಳುತ್ತದೆ. ಡಿಜಿಟಲ್ ಸಹಿ ಹೇಳುವುದು ಮಾಡಿದವರು ಯಾರು ಎಂಬುದನ್ನಷ್ಟೇ. ಅದೂ ಕೆಲವೊಮ್ಮೆ ಸುಳ್ಳಾಗಬಹುದು. 2010ರಲ್ಲಿ ಬಯಲಿಗೆ ಬಂದ, ಇರಾನಿನ ಅಣುಸ್ಥಾವರವನ್ನು ಗುರಿಯಾಗಿಟ್ಟುಕೊಂಡಿದ್ದ ಸ್ಟಕ್ಸ್‌ನೆಟ್ ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳಿಂದ ಕದ್ದ ಪ್ರಮಾಣಪತ್ರಗಳ ಸಹಿ ಹೊತ್ತು ಬಂದಿತ್ತು. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ ಒಂದು ಆವೃತ್ತಿಗೆ ಅದರ ತಯಾರಿಕೆಯ ಹಂತದಲ್ಲೇ ವಿಷ ಬೆರೆತಿತ್ತು. ಸಹಿ ಅಸಲಿ, ಕಂಪನಿ ಅಸಲಿ, ಸರಕು ಮಾತ್ರ ಕಲಬೆರಕೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಅದು ಇಳಿದಿತ್ತು. ಸಹಿಯಿಲ್ಲದ್ದೆಲ್ಲ ಕೆಟ್ಟದ್ದೂ ಅಲ್ಲ. ಪ್ರಮಾಣಪತ್ರಕ್ಕೆ ವರ್ಷವರ್ಷ ಹಣ ತೆರಲಾಗದ ಸಣ್ಣ ತಯಾರಕರು, ಉಚಿತವಾಗಿ ತಂತ್ರಾಂಶ ಹಂಚುವ ಉತ್ಸಾಹಿಗಳು ನಮ್ಮಲ್ಲೂ ಇದ್ದಾರೆ.

ಉಳಿದದ್ದು 'ಏನು ಕೆಲಸ' ಎಂಬ ಪ್ರಶ್ನೆ. ನಡತೆಯನ್ನು ನೋಡಿ ನಿರ್ಧರಿಸಿ ಎಂದು ತಜ್ಞರು ಹೇಳುತ್ತಾರೆ. ಕನ್ನಡಿಗರ ಮಟ್ಟಿಗೆ ಈ ಮಾತು ಎಷ್ಟು ಜಟಿಲ ಎಂಬುದಕ್ಕೆ ನಮ್ಮ ಮನೆಯಂಗಳದಲ್ಲೇ ಉದಾಹರಣೆಯಿದೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಇವುಗಳಿಲ್ಲದೆ ಸರ್ಕಾರಿ ಕಚೇರಿಗಳಲ್ಲಾಗಲಿ ಮುದ್ರಣಾಲಯಗಳಲ್ಲಾಗಲಿ ಕನ್ನಡ ಇಷ್ಟು ಬೇಗ ನೆಲೆಯೂರುತ್ತಿರಲಿಲ್ಲ. ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡ ಮೂಡಿಸುವ ಇಂತಹ ತಂತ್ರಾಂಶ ಏನು ಮಾಡುತ್ತದೆ? ಹಿನ್ನೆಲೆಯಲ್ಲಿ ಸದಾ ಎಚ್ಚರವಿದ್ದು, ನಾವು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಬೇರೆ ತಂತ್ರಾಂಶಗಳಿಗೆ ತಲುಪುವ ಮುನ್ನವೇ ಹಿಡಿದು ಅಕ್ಷರವನ್ನಾಗಿ ಬದಲಿಸಿಕೊಡುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಕದಿಯುವ ಕೀಲಾಗರ್ ಎಂಬ ದುಷ್ಟ ತಂತ್ರಾಂಶ ಮಾಡುವುದೂ ಅಕ್ಷರಶಃ ಇದನ್ನೇ! ಒಂದು, ಹಿಡಿದದ್ದನ್ನು ಕನ್ನಡವಾಗಿಸಿ ಕೈಬಿಡುತ್ತದೆ. ಇನ್ನೊಂದು, ಬಚ್ಚಿಟ್ಟುಕೊಂಡು ದೂರದ ಯಾವುದೋ ಯಂತ್ರಕ್ಕೆ ರವಾನಿಸುತ್ತದೆ. ಆದ್ದರಿಂದ ಕೇಳಬೇಕಾದದ್ದು ಇದು ಏನನ್ನು ನೋಡುತ್ತಿದೆ ಎಂದಲ್ಲ, ನೋಡಿದ್ದನ್ನು ಎಲ್ಲಿಗೆ ಒಯ್ಯುತ್ತಿದೆ ಎಂದು. ಕೀಲಿಮಣೆಯ ತಂತ್ರಾಂಶವೊಂದು ನಡುರಾತ್ರಿಯಲ್ಲಿ ಅಂತರ್ಜಾಲದೊಡನೆ ಎಡೆಬಿಡದೆ ಮಾತನಾಡುತ್ತಿದ್ದರೆ ಸಂಶಯಕ್ಕೆ ಕಾರಣವುಂಟು. ಪ್ರತಿ ತಂತ್ರಾಂಶದ ಜಾಲಸಂಪರ್ಕವನ್ನು ವಿಂಡೋಸ್‌ನ ರಿಸೋರ್ಸ್ ಮಾನಿಟರ್ ತೋರಿಸುತ್ತದೆ. ಅದನ್ನು ತೆರೆದು ನೋಡುವವರು ವಿರಳ.

ಇದೇ ವರ್ಗಕ್ಕೆ ಸೇರಿದ, ಸರ್ಕಾರವೇ ನಮ್ಮ ಯಂತ್ರಗಳಿಗೆ ತಂದು ಕೂರಿಸಿದ ಅಪರಿಚಿತರೂ ಇದ್ದಾರೆ. ಆಧಾರ್ ಬೆರಳಚ್ಚಿನ ಉಪಕರಣ ಬಳಸುವ ಸೇವಾಕೇಂದ್ರಗಳ ಯಂತ್ರಗಳಲ್ಲಿ 'ಆರ್‌ಡಿ ಸರ್ವಿಸ್' ಎಂಬ ಪ್ರಕ್ರಿಯೆ ಸದಾ ನಡೆಯುತ್ತಿರುತ್ತದೆ. ಜಿಎಸ್‌ಟಿ ವಿವರಪಟ್ಟಿಗೆ ಡಿಜಿಟಲ್ ಸಹಿ ಹಾಕಬೇಕೆಂದರೆ 'ಎಮ್‌ಸೈನರ್' ಬೇಕು. ಸಹಿಯ ಯುಎಸ್‌ಬಿ ಟೋಕನ್ನಿಗೆ ಅದರದೇ ಮತ್ತೊಂದು. ಇವೆಲ್ಲ ಅಧಿಕೃತ, ಅಗತ್ಯ. ಆದರೆ ಇವುಗಳ ಲಕ್ಷಣಗಳನ್ನು ಪಟ್ಟಿ ಮಾಡಿ ನೋಡಿ: ಯಂತ್ರ ಚಾಲೂ ಆದೊಡನೆ ತಾನೂ ಏಳುತ್ತದೆ, ಯಾವ ಕಿಟಕಿಯನ್ನೂ ತೋರಿಸದು, ಬ್ರೌಸರಿನೊಡನೆ ಒಳಗೊಳಗೇ ಮಾತನಾಡುತ್ತದೆ, ಬೆರಳಚ್ಚನ್ನೋ ಸಹಿಯನ್ನೋ ಮುಟ್ಟುತ್ತದೆ. ಕುತಂತ್ರಾಂಶದ ಲಕ್ಷಣಗಳೆಂದು ಪತ್ರಿಕೆಗಳಲ್ಲಿ ಬರುವ ಎಚ್ಚರಿಕೆಗಳೆಲ್ಲ ಇವುಗಳಿಗೆ ಒಪ್ಪುತ್ತವೆ! ರಬಕವಿಯ ಲೆಕ್ಕಿಗ ಇವನ್ನು ಹೇಗೆ ಗುರುತಿಸಬೇಕು?

ನಮ್ಮೂರ ನಿವೃತ್ತ ಶಿಕ್ಷಕರೊಬ್ಬರು ಕಳೆದ ವರ್ಷ ಇಂತಹದೇ ಒಂದು ಹೆಸರನ್ನು ಪರದೆಯ ಮೇಲೆ ತೋರಿಸಿ, "ಸಾಹೇಬ್ರ, ಇದನ್ನ ತಗದು ಒಗದ ಬಿಡ್ಲೇನ್ರಿ?" ಎಂದು ಕೇಳಿದರು. ಅದು ಪ್ರಿಂಟರಿನ ಸಹಾಯಕ ತಂತ್ರಾಂಶವಾಗಿತ್ತು. ತೆಗೆದೊಗೆಯುವ ಈ ಆತುರವೇ ಕುತಂತ್ರಾಂಶದಷ್ಟು ಹಾನಿ ಮಾಡಿದ್ದುಂಟು. 2002ರ ಸುಮಾರಿಗೆ, ಪುಟ್ಟ ಕರಡಿಯ ಚಿತ್ರವಿರುವ ಕಡತವೊಂದು ವೈರಸ್ ಎಂದೂ ಕೂಡಲೇ ಅಳಿಸಬೇಕೆಂದೂ ಇ-ಮೇಲ್ ಜಗತ್ತನ್ನೆಲ್ಲ ಸುತ್ತಿತು. ಆ ಕಡತ ವಿಂಡೋಸ್‌ನದೇ ಭಾಗ. ಜನರು ಸ್ವಹಸ್ತದಿಂದ ಅಳಿಸಿದರು, ಬಂಧುಮಿತ್ರರಿಗೂ ಅಳಿಸಲು ಹೇಳಿದರು. ತಜ್ಞರೂ ಎಡವುತ್ತಾರೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಕಂಪನಿಯ ವೈರಸ್ ನಿರೋಧಕವು ದೋಷಪೂರಿತ ಪರಿಷ್ಕರಣೆಯೊಂದರಿಂದಾಗಿ ವಿಂಡೋಸ್ ಎಕ್ಸ್‌ಪಿ ಯಂತ್ರಗಳಲ್ಲಿನ ಅಸಲಿ ಎಸ್‌ವಿಸಿಹೋಸ್ಟನ್ನೇ ವೈರಸ್ ಎಂದು ಬಗೆಯಿತು; ಜಗತ್ತಿನಾದ್ಯಂತ ಕಚೇರಿಗಳ ಯಂತ್ರಗಳು ಮತ್ತೆಮತ್ತೆ ತಾವಾಗಿಯೇ ಆರಿ ಹೊತ್ತಿಕೊಳ್ಳತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಸುಮಾರು 85 ಲಕ್ಷ ಯಂತ್ರಗಳನ್ನು ಕೆಡವಿದಾಗ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕಾವಲುಗಾರನೇ ಮನೆಯವರನ್ನು ಒಳಗೆ ಕೂಡಿಹಾಕಿದ ಕಥೆ.

ಈ ಗಾಬರಿಯನ್ನೇ ಬಂಡವಾಳ ಮಾಡಿಕೊಂಡ ಉದ್ಯೋಗವೂ ಬೆಳೆದಿದೆ. ಮೈಕ್ರೋಸಾಫ್ಟ್‌ನಿಂದ ಮಾತನಾಡುತ್ತಿದ್ದೇವೆಂದು ಫೋನ್ ಮಾಡಿ, ಪ್ರತಿ ಯಂತ್ರದಲ್ಲೂ ಸಹಜವಾಗಿ ಇರುವ ಎಚ್ಚರಿಕೆಯ ಸಾಲುಗಳನ್ನೋ ಹಿನ್ನೆಲೆ ಪ್ರಕ್ರಿಯೆಗಳನ್ನೋ ತೋರಿಸಿ, 'ನೋಡಿ, ನಿಮ್ಮ ಯಂತ್ರದ ತುಂಬ ವೈರಸ್' ಎನ್ನುತ್ತಾರೆ. ದೂರನಿಯಂತ್ರಣದ ತಂತ್ರಾಂಶವೊಂದನ್ನು ಹಾಕಿಕೊಳ್ಳುವಂತೆ ಹೇಳುತ್ತಾರೆ. ನಿಜವಾದ ಅಪಾಯ ಒಳಗೆ ಬರುವುದು ಆ ಕ್ಷಣದಲ್ಲಿ, ಅದೂ ಮನೆಯ ಯಜಮಾನನ ಆಹ್ವಾನದ ಮೇರೆಗೆ. ಹಣ ಹೋದದ್ದು ತಿಳಿದೊಡನೆ 1930ಕ್ಕೆ ಕರೆ ಮಾಡಬೇಕು. ಅಲ್ಲಿ ತಡಮಾಡಿದ ಪ್ರತಿ ಗಂಟೆಗೂ ಬೆಲೆಯಿದೆ.

ಸಂಶಯ ಬಲವಾದರೆ ಮಾಡಬೇಕಾದದ್ದು ಅಷ್ಟು ಕಷ್ಟವಲ್ಲ. ಮೊದಲು ಯಂತ್ರದ ಅಂತರ್ಜಾಲ ಸಂಪರ್ಕ ಕಡಿದು, ಬ್ಯಾಂಕಿನ ವ್ಯವಹಾರವನ್ನು ಬೇರೆ ಸಾಧನದಲ್ಲಿ ಮಾಡಬೇಕು. 'ಎಂಡ್ ಟಾಸ್ಕ್' ಒತ್ತಿ ನಿಶ್ಚಿಂತರಾಗುವುದು ವ್ಯರ್ಥ. ಯಂತ್ರ ಮತ್ತೆ ಚಾಲೂ ಆದಾಗ ಅದೂ ಎದ್ದು ಕೂರುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಉಚಿತ ಶೋಧನಾ ಸಾಧನಗಳನ್ನು ಒದಗಿಸುತ್ತದೆ. 2004ರಲ್ಲಿ ಸ್ಪೇನಿನಲ್ಲಿ ಹುಟ್ಟಿ 2012ರಲ್ಲಿ ಗೂಗಲ್ ಪಾಲಾದ 'ವೈರಸ್‌ಟೋಟಲ್' ಸೇವೆಯಲ್ಲಿ ಒಂದು ಕಡತವನ್ನು ಹತ್ತಾರು ವೈರಸ್ ನಿರೋಧಕಗಳಿಂದ ಏಕಕಾಲಕ್ಕೆ ಪರೀಕ್ಷಿಸಬಹುದು. ಇಲ್ಲೊಂದು ಎಚ್ಚರಿಕೆ, ವಿಶೇಷವಾಗಿ ಕಚೇರಿಗಳಲ್ಲಿರುವವರಿಗೆ: ಅಲ್ಲಿಗೆ ಏರಿಸಿದ ಕಡತ ಜಗತ್ತಿನ ಭದ್ರತಾ ಕಂಪನಿಗಳ ಕೈಗೂ ಸಿಗುತ್ತದೆ. ಗುಪ್ತ ದಾಖಲೆಯನ್ನು ಪರೀಕ್ಷೆಯ ನೆಪದಲ್ಲಿ ಅಲ್ಲಿ ಹಾಕಿದರೆ ಅದನ್ನು ನಾವೇ ಬಹಿರಂಗಪಡಿಸಿದಂತೆ. ಕಡತದ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂತಹ ಸಂಖ್ಯೆಯನ್ನಷ್ಟೇ ಕೊಟ್ಟು ವಿಚಾರಿಸಲು ಸಾಧ್ಯವಿದೆ. ಎಪ್ಪತ್ತು ಪರೀಕ್ಷಕರಲ್ಲಿ ಒಬ್ಬರೋ ಇಬ್ಬರೋ ಬೆರಳು ತೋರಿಸಿದರೆ ಅದು ತೀರ್ಪಲ್ಲ. ನಿನ್ನೆ ಹುಟ್ಟಿದ ಕುತಂತ್ರಾಂಶಕ್ಕೆ ಎಪ್ಪತ್ತೂ ಮಂದಿ ನಿರಾಕ್ಷೇಪಣೆ ಪತ್ರ ಕೊಡುವುದೂ ಇದೆ.

ಇಷ್ಟನ್ನೆಲ್ಲ ಸಾಮಾನ್ಯ ನಾಗರಿಕ ಕಲಿಯಲಿ ಎಂದು ಉಪದೇಶಿಸಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. 2019ರಲ್ಲಿ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಆಡಳಿತ ಜಾಲದ ಯಂತ್ರವೊಂದರಲ್ಲೇ ಕುತಂತ್ರಾಂಶ ಹೊಕ್ಕಿತ್ತು. ಅಣುವಿದ್ಯುತ್ ನಿಗಮವೇ ಅಕ್ಟೋಬರ್ 30ರಂದು ಒಪ್ಪಿಕೊಂಡಿತು. ಪರಿಣತ ಸಿಬ್ಬಂದಿಯಿರುವ ಕಡೆಯೇ ಹೀಗಾದರೆ ಪಂಚಾಯಿತಿಯ ಗತಿಯೇನು? ಎರಡು ಕೋಟಿಯಷ್ಟು ಪಹಣಿಗಳನ್ನು 'ಭೂಮಿ' ಯೋಜನೆಯಡಿ ಗಣಕೀಕರಿಸಿದಾಗ, ಯಾವ ಬದಲಾವಣೆಯನ್ನು ಯಾವ ಅಧಿಕಾರಿ ಮಾಡಿದ ಎಂಬುದು ಬೆರಳಚ್ಚಿನ ಸಹಿತ ದಾಖಲಾಗಲೇಬೇಕೆಂದು ಇದೇ ರಾಜ್ಯ ಹಟ ಹಿಡಿದಿತ್ತು. ಆ ಹಟ ನಾಗರಿಕರ ಯಂತ್ರಗಳ ವಿಷಯದಲ್ಲೂ ಇರಬೇಕು. ಯಾವ ಇಲಾಖೆ ತನ್ನ ಸೇವೆಗಾಗಿ ನಮ್ಮ ಯಂತ್ರದಲ್ಲಿ ತಂತ್ರಾಂಶ ಹಾಕಿಸುತ್ತದೆಯೋ ಆ ಇಲಾಖೆ, ಆ ಪ್ರಕ್ರಿಯೆಯ ನಿಖರ ಹೆಸರು, ಅದು ನೆಲೆಸುವ ಫೋಲ್ಡರ್, ಸಹಿ ಮಾಡಿದ ಕಂಪನಿ, ಪ್ರತಿ ಆವೃತ್ತಿಯ ಹ್ಯಾಶ್, ಅದು ಯಾವ ವಿಳಾಸದೊಡನೆ ಮಾತನಾಡುತ್ತದೆ ಎಂಬ ವಿವರ, ಇಷ್ಟನ್ನೂ ಕನ್ನಡದಲ್ಲಿ ಪ್ರಕಟಿಸಬೇಕು. ಸಹಿಯಿಲ್ಲದ ತಂತ್ರಾಂಶವನ್ನು ಯಾವ ಇಲಾಖೆಯೂ ವಿತರಿಸಕೂಡದು. 'ವೈರಸ್ ನಿರೋಧಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನಂತರ ಇದನ್ನು ಅಳವಡಿಸಿ' ಎಂಬ ಸೂಚನೆ ಸರ್ಕಾರಿ ಕೈಪಿಡಿಯಲ್ಲಿ ಎಲ್ಲಿಯೂ ಇರಬಾರದು. ಒಂದೇ ಹಾಳೆಯಲ್ಲಿ ಹಿಡಿಸುವ ಆ ಪಟ್ಟಿಯನ್ನು ಪ್ರತಿ ಗ್ರಾಮ ಒನ್ ಕೇಂದ್ರದ ಗೋಡೆಗೆ, ಸೇವಾ ಶುಲ್ಕದ ಫಲಕದ ಪಕ್ಕದಲ್ಲಿ ಅಂಟಿಸಲು ಸರ್ಕಾರಕ್ಕೆ ತಗಲುವ ವೆಚ್ಚ ಕಾಗದದ್ದು ಮತ್ತು ಗೋಂದಿನದು.